ಎದುರು ಸಾಲಿನ ಮನೆಯ ಫೋಟೋ

"ಕಾರ್ಪೊರೇಷನ್ನಿಂದ ಬಂದ್ರಾ?"

ಜನವರಿಯ ಒಂದು ಬೆಳಗ್ಗೆ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆ. ಗೇಟಿನ ಹಿಂದಿನಿಂದ ಅಜ್ಜಿಯೊಬ್ಬರ ದನಿ. ಅಲ್ಲ ಅಂದೆ. "ಹಾಗಾದ್ರೆ ಬ್ರೋಕರ್ರಾ? ಮನೆ ಮಾರಾಟಕ್ಕಿಲ್ಲ." ಅದೂ ಅಲ್ಲ ಅಂದೆ. "ಬ್ಯಾಂಕಿನವರಾ? ಇಲ್ಲಿ ಲೋನು ಗೀನು ಯಾರೂ ತಗೊಂಡಿಲ್ಲಪ್ಪ." ಮನೆ ಚೆನ್ನಾಗಿದೆ, ಅದಕ್ಕೇ ತೆಗೀತಿದ್ದೆ ಅಂದಾಗ ಅವರ ಅನುಮಾನ ಇಳಿಯಲಿಲ್ಲ, ಇನ್ನೂ ಏರಿತು. "ಇದಾ? ಬಣ್ಣ ಹೊಡೆಸಿ ಹನ್ನೆರಡು ವರ್ಷ ಆಯ್ತು. ಪಕ್ಕದ ರಸ್ತೇಲಿ ಹೊಸದಾಗಿ ಕಟ್ಟಿದಾರಲ್ಲ, ಗ್ರಾನೈಟ್ ಹಾಕಿ, ಅದನ್ನ ತೆಗೀರಿ."

ಮನೆಯ ಪ್ಯಾರಪೆಟ್ಟಿನ ಮೇಲೆ ಗಾರೆಯಲ್ಲೇ ಮೂಡಿಸಿದ 1956 ಎಂಬ ಅಂಕಿ ಇತ್ತು. ಅರ್ಧಚಂದ್ರಾಕಾರದ ಪೋರ್ಟಿಕೋ, ಅದರ ಅಂಚಿಗೆ ಮೂರು ಅಡ್ಡಗೆರೆ. ಕಿಟಕಿಯ ಕಬ್ಬಿಣದ ಸರಳುಗಳು ಹುಟ್ಟುವ ಸೂರ್ಯನ ಕಿರಣದ ಹಾಗೆ ಬಿಚ್ಚಿಕೊಂಡಿದ್ದವು. ಅಜ್ಜಿಗೆ ಅದು ಬಣ್ಣ ಬಿಟ್ಟ ಗೋಡೆ.

ಅವರನ್ನು ದೂರಿ ಫಲವಿಲ್ಲ. ಸಾಮಾನ್ಯ ಮನೆಯೊಂದರ ಮುಂದೆ ನಮ್ಮಲ್ಲಿ ಕ್ಯಾಮೆರಾ ಬರುವುದು ಕಂದಾಯಕ್ಕೆ, ಮಾರಾಟಕ್ಕೆ, ಸಾಲಕ್ಕೆ. ಮಿಕ್ಕಂತೆ ಮದುವೆಗೆ. ನಿಮ್ಮ ಹಳೆಯ ಆಲ್ಬಂ ತೆಗೆದು ನೋಡಿ: ಚಪ್ಪರ, ಬಾಳೆಕಂಬ, ಸಾಲಾಗಿ ನಿಂತ ನೆಂಟರು. ಮನೆ ಎಲ್ಲಿ? ಸೋದರಮಾವನ ಭುಜದ ಹಿಂದೆ ಅರ್ಧ ಕಿಟಕಿ, ಚಿಕ್ಕಮ್ಮನ ತಲೆಯ ಮೇಲೆ ಒಂದು ಅಡಿ ಸಜ್ಜಾ. ನಾನು ಹುಟ್ಟಿ ಬೆಳೆದ ಮನೆಯನ್ನು ಕೆಡವಿದ ಮೇಲೆ ಅದರ ಮುಂಭಾಗದ ಒಂದೇ ಒಂದು ಪೂರ್ತಿ ಚಿತ್ರಕ್ಕಾಗಿ ಮನೆಯಲ್ಲಿದ್ದ ಆಲ್ಬಂಗಳನ್ನೆಲ್ಲ ಮಗುಚಿ ಹಾಕಿದ್ದೇನೆ. ಸಿಕ್ಕಿದ್ದು ಚೂರುಪಾರು. ವಿಧಾನಸೌಧದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಮಾತ್ರ ನಾಲ್ಕಿದ್ದವು. ನಾಲ್ಕರಲ್ಲೂ ವಿಧಾನಸೌಧ ಪೂರ್ತಿ ಬಂದಿದೆ.

ಅರಮನೆ, ವಿಧಾನಸೌಧಗಳನ್ನು ಬಿಟ್ಟುಬಿಡಿ. ಅವುಗಳನ್ನು ತೆಗೆಯುವವರು ದಿನಕ್ಕೆ ಸಾವಿರ ಜನ ಇದ್ದಾರೆ. ಎದುರು ಸಾಲಿನ ಹಂಚಿನ ಮನೆ, ಮೂಲೆಯ ದಿನಸಿ ಅಂಗಡಿ, ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡ ಗಣಪತಿ ಗುಡಿ, ನಾಲ್ಕು ಮನೆಗೆ ಒಂದು ನಲ್ಲಿ ಇರುವ ವಠಾರ, ಇವಕ್ಕೆ ಯಾರೂ ಇಲ್ಲ. ಮುಂದಿನ ವರ್ಷ ಇವುಗಳಲ್ಲಿ ಒಂದಾದರೂ ಹಸಿರು ಬಲೆ ಹೊದ್ದು ನಿಂತಿರುತ್ತದೆ. ಇವನ್ನು ತೆಗೆಯಲು ದುಬಾರಿ ಕ್ಯಾಮೆರಾ ಬೇಡ. ಜೇಬಿನ ಮೊಬೈಲ್, ಒಂದು ನೋಟ್‌ಬುಕ್, ಭಾನುವಾರ ಬೆಳಗ್ಗೆ ಬೇಗ ಏಳುವ ಛಲ, ಇಷ್ಟು ಸಾಕು. ಮೂರನೆಯದೇ ಕಷ್ಟ.

ಮೊದಲ ಸುತ್ತು ಖಾಲಿ ಕೈ

ಒಂದು ಬೀದಿ ಆರಿಸಿಕೊಳ್ಳಿ. ಇಡೀ ಬಡಾವಣೆ ಬೇಡ. ಹಾಲಿನ ಬೂತಿಗೆ ಹೋಗಿ ಬರುವಷ್ಟು ದಾರಿ ಸಾಕು. ಮೊದಲ ದಿನ ಮೊಬೈಲನ್ನು ಜೇಬಿನಿಂದ ತೆಗೆಯದೆ ಆ ಬದಿಯಲ್ಲಿ ಹೋಗಿ ಈ ಬದಿಯಲ್ಲಿ ಬನ್ನಿ. ತಲೆ ಮೇಲೆತ್ತಿ ನೋಡಿ. (ಬೆಂಗಳೂರಿನ ಫುಟ್‌ಪಾತಿನ ಮೇಲೆ ಇದು ಅಪಾಯದ ಸಲಹೆ, ಆದ್ದರಿಂದ ನಿಂತು ನೋಡಿ, ಆಮೇಲೆ ಹೆಜ್ಜೆ ಹಾಕಿ.) ನೆಲಮಹಡಿಗೆ ಷಟರ್ ಬಂದು, ಮೊಬೈಲ್ ರೀಚಾರ್ಜ್ ಅಂಗಡಿಯ ಬೋರ್ಡು ಬಂದು ಗುರುತು ಸಿಗದಂತಾದ ಎಷ್ಟೋ ಕಟ್ಟಡಗಳಲ್ಲಿ ಬೋರ್ಡಿನಿಂದ ಮೇಲಕ್ಕೆ ಹಳೆಯ ಮನೆ ಹಾಗೇ ಕೂತಿರುತ್ತದೆ.

ಭಾಗಗಳ ಹೆಸರು ಕಲಿಯುವುದು ಲೆನ್ಸು ಕೊಳ್ಳುವುದಕ್ಕಿಂತ ಹೆಚ್ಚು ಉಪಯೋಗ. ಬೋದಿಗೆ ಎಂಬ ಮಾತು ತಿಳಿಯುವ ತನಕ ಕಂಬಕ್ಕೂ ತೊಲೆಗೂ ನಡುವೆ ಕೆತ್ತಿದ ಒಂದು ತುಂಡು ಇರುತ್ತದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಜಗಲಿ, ಹೊಸ್ತಿಲು, ದ್ವಾರಬಂಧ, ಅಗಳಿ, ಜಂತಿ, ಸೂರು, ಬೆಳಕಿಂಡಿ ನಮ್ಮ ಅಜ್ಜಿಯರ ಮಾತು. ಸಜ್ಜಾ, ಪ್ಯಾರಪೆಟ್, ಜಾಲಿ, ಮೋಲ್ಡು, ಶೀಟು ಮೇಸ್ತ್ರಿಗಳ ಮಾತು. ಎರಡೂ ಬೇಕು. ಯಾವುದಾದರೂ ಮನೆಯ ಮುಂದೆ ಗಾರೆ ಕೆಲಸ ನಡೆಯುತ್ತಿದ್ದರೆ ಹತ್ತು ನಿಮಿಷ ನಿಂತು ಮಾತಾಡಿಸಿ. ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ. ಊರಿನಿಂದ ಊರಿಗೆ ಮಾತೂ ಬೇರೆ, ಮನೆಯೂ ಬೇರೆ. ವಿಜಯಪುರ, ಬಾಗಲಕೋಟೆಯ ಕಡೆ ಮಣ್ಣಿನ ಮಾಳಿಗೆ ಮನೆ, ಕಲಬುರಗಿಯಲ್ಲಿ ಕಾಲಿಟ್ಟಲ್ಲೆಲ್ಲ ಶಹಾಬಾದ್ ಕಲ್ಲು, ಮಲೆನಾಡಿನಲ್ಲಿ ಮುಂಡಿಗೆ ಕಂಬ, ಕೊಡಗಿನಲ್ಲಿ ಐನ್‌ಮನೆ. ನಾನು ಹೇಳುವುದು ನನ್ನ ಬೀದಿಯ ಲೆಕ್ಕ; ನಿಮ್ಮದನ್ನು ನೀವೇ ಕಟ್ಟಿಕೊಳ್ಳಬೇಕು.

ನನ್ನ ಬೀದಿಯ ಲೆಕ್ಕ ಹೀಗೆ. ಚಾಮರಾಜಪೇಟೆ 1892ರ ಬಡಾವಣೆ. 1898ರಲ್ಲಿ ಪ್ಲೇಗ್ ಬಂದು ಹಳೆಯ ಪೇಟೆಯ ಇಕ್ಕಟ್ಟಿಗೆ ಜನ ಹೆದರಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಗಾಳಿಯಾಡಲು ಜಾಗ, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಮಲ ಹೊರುವವರು ಓಡಾಡಲು ಒಂದು ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬಂದ ಮೇಲೆ ಗಲ್ಲಿಯ ಕೆಲಸ ಮುಗಿಯಿತು. ಈಗ ಕೆಲವಕ್ಕೆ ಬೀಗ, ಕೆಲವು ಬೈಕ್ ಸ್ಟ್ಯಾಂಡು. ಬೀಗ ಹಾಕದ ಗಲ್ಲಿ ಸಿಕ್ಕರೆ ಬಿಡಬೇಡಿ. ಮುಂಭಾಗಕ್ಕೆ ಗ್ರಾನೈಟ್ ಹೊದಿಸಿಕೊಂಡ ಮನೆಯೂ ಬೆನ್ನನ್ನು ಹಾಗೇ ಬಿಟ್ಟಿರುತ್ತದೆ: ಸುಣ್ಣದ ಗಾರೆ ಉದುರಿದ ಇಟ್ಟಿಗೆ, ಕಲ್ಲುಚಪ್ಪಡಿಯ ಸಜ್ಜಾ, ಮುಚ್ಚಿದ ಚಿಕ್ಕ ಬಾಗಿಲು. ಅದೊಂದೇ ಬಾಗಿಲು ಆ ಮನೆಯ ಜಾತಿಯ ಚರಿತ್ರೆ ಹೇಳುತ್ತದೆ. ಅದನ್ನು ಬರೀ ‘ಹಳೆಯ ಬಾಗಿಲಿನ ಸೊಬಗು’ ಅಂತ ತೆಗೆಯುವುದು ನನಗೆ ಒಗ್ಗದು.

ಶತಮಾನದಾಚೆಯ ಮನೆಗಳಿಗೆ ಮದರಾಸು ತಾರಸಿ: ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಕಟ್ಟಿದ ಚಾವಣಿ. ಒಳಗೆ ಬಿಟ್ಟರೆ ತಲೆಯೆತ್ತಿ ಒಂದು ಚಿತ್ರ ತೆಗೆಯಲೇಬೇಕು. ಕಿಟಕಿಯ ಮೇಲೆ ಮರದ ಪಟ್ಟಿಯ ಚೂಪು ಟೋಪಿ ಕಂಡರೆ ಅದು ‘ಮಂಕಿ ಟಾಪ್’, ಬೆಂಗಳೂರಿನ ಬಂಗಲೆಗಳ ಗುರುತು. ನಾನು ಅಜ್ಜಿಯ ಮನೆಯಲ್ಲಿ ಕಂಡ ದುಂಡು ಮೂಲೆ, ಅಡ್ಡಗೆರೆ, ಸೂರ್ಯನ ಗ್ರಿಲ್ಲು ಆರ್ಟ್ ಡೆಕೊ ಶೈಲಿಯ ಉಳಿಕೆ. ಮುಂಬೈಯ ಕಡಲಂಚಿನ ಅಂಥದೇ ಕಟ್ಟಡಗಳ ಗುಂಪಿಗೆ 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟ ಸಿಕ್ಕಿತು. ನಮ್ಮ ಬೀದಿಯದಕ್ಕೆ ಹನ್ನೆರಡು ವರ್ಷದಿಂದ ಬಣ್ಣವೂ ಸಿಕ್ಕಿಲ್ಲ. ಆಮೇಲಿನ ಕಾಲದ್ದು ಮೊಸಾಯಿಕ್ ನೆಲ, ಸಿಮೆಂಟಿನ ಜಾಲಿ, ಕಲ್ಲುಪುಡಿ ಎರಚಿದ ಗೋಡೆ. ಇದನ್ನು ಯಾರೂ ಪರಂಪರೆ ಅನ್ನುವುದಿಲ್ಲ. ಹಾಗಾಗಿ ಇದೇ ಮೊದಲು ಹೋಗುವುದು. ನನ್ನನ್ನು ಕೇಳಿದರೆ, ಮಂಕಿ ಟಾಪ್ ಹುಡುಕಿಕೊಂಡು ಅಲೆಯುವವರು ಬೇಕಾದಷ್ಟಿದ್ದಾರೆ. ನೀವು ಎಪ್ಪತ್ತರ ದಶಕದ ಸಿಮೆಂಟ್ ಜಾಲಿಯಿಂದ ಶುರುಮಾಡಿ.

ಹಂಚಿನ ಮನೆ ಕೆಡವುತ್ತಿದ್ದರೆ ಒಂದು ಕೆಲಸ ಮಾಡಿ. ಇಳಿಸಿ ಜೋಡಿಸಿಟ್ಟ ಹಂಚುಗಳ ಬೆನ್ನನ್ನು ಹತ್ತಿರದಿಂದ ತೆಗೆಯಿರಿ. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದರು. ಆಮೇಲೆ ಎಷ್ಟೋ ಕಾರ್ಖಾನೆ ಹುಟ್ಟಿದವು. ಮಾಡಿದವರ ಹೆಸರು, ಊರು ಹಂಚಿನ ಮೈಮೇಲೆ ಅಚ್ಚೊತ್ತಿರುತ್ತದೆ. ಒಂದೇ ಮಾಡಿನ ಮೇಲೆ ಬೇರೆ ಬೇರೆ ಹೆಸರಿನ ಹಂಚು ಸಿಕ್ಕಿದರೆ ಆ ಮನೆಗೆ ಎಷ್ಟು ಸಲ ಕೈಯಾಡಿಸಿದ್ದಾರೆ ಎಂಬ ಅಂದಾಜು ಸಿಗುತ್ತದೆ. ಅಚ್ಚು ಓದಲು ಬೆಳಕು ಪಕ್ಕದಿಂದ ಬೀಳಬೇಕು. ನೆತ್ತಿಯ ಬಿಸಿಲಲ್ಲಿ ಅಕ್ಷರ ಮಾಯ.

ಬಿಸಿಲಿನ ಪಂಚಾಂಗ

ಫೋಟೋಗ್ರಫಿ ಪುಸ್ತಕಗಳು ಬೆಳಗಿನ ಚಿನ್ನದ ಬೆಳಕು, ಸಂಜೆಯ ಚಿನ್ನದ ಬೆಳಕು ಅನ್ನುತ್ತವೆ. ಮನೆಗಳ ಮಟ್ಟಿಗೆ ಅದು ಅರ್ಧ ಮಾತು. ಮನೆ ತಿರುಗುವುದಿಲ್ಲ. ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ನೀವು ಏಳುವ ಹೊತ್ತಷ್ಟೇ ಅಲ್ಲ, ಬರುವ ತಿಂಗಳೂ ನಿಂತಿದೆ. ಪೂರ್ವದ ಮನೆಗೆ ಬೆಳಗ್ಗೆ, ಪಶ್ಚಿಮದ ಮನೆಗೆ ಸಂಜೆ, ಅದು ಸುಲಭ. ದಕ್ಷಿಣಕ್ಕೆ ಮುಖ ಮಾಡಿದ ಮನೆಯನ್ನು ಡಿಸೆಂಬರ್, ಜನವರಿಯಲ್ಲಿ ತೆಗೆಯಿರಿ. ಆಗ ಸೂರ್ಯ ದಿನವಿಡೀ ದಕ್ಷಿಣದಲ್ಲಿ, ನಡುಮಧ್ಯಾಹ್ನವೂ ತೀರ ನೆತ್ತಿಗೇರದೆ, ಮುಖದ ಮೇಲೆಯೇ ಬೆಳಕು ಚೆಲ್ಲುತ್ತಾನೆ.

ಗೋಳು ಉತ್ತರದ ಮನೆಯದು. ಅಜ್ಜಿಯ ಮನೆ ಉತ್ತರಮುಖಿ. ಜನವರಿಯಲ್ಲಿ ನಾನು ತೆಗೆದ ಚಿತ್ರದಲ್ಲಿ ಆಕಾಶ ಬೆಳ್ಳಗೆ ಉರಿಯುತ್ತಿದೆ, ಮನೆ ಬೂದಿ ಬಳಿದುಕೊಂಡಂತೆ ಕೂತಿದೆ, ಅಡ್ಡಗೆರೆ ಮೂರೂ ಕಾಣೆ. ಎಷ್ಟು ತಿದ್ದಿದರೂ ಬರಲಿಲ್ಲ. ಲೆಕ್ಕ ಹಾಕಿದ್ದು ಆಮೇಲೆ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಆದ್ದರಿಂದ ಏಪ್ರಿಲ್ 24ರ ಆಸುಪಾಸು ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 18ರ ಆಸುಪಾಸು ವಾಪಸ್ಸು ಬರುತ್ತಾನೆ. ಆ ಎರಡು ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಇವೆರಡರ ನಡುವಿನ ತಿಂಗಳುಗಳಲ್ಲಿ ಮಾತ್ರ ಉತ್ತರದ ಗೋಡೆಗೆ ನಡುಹಗಲಿನ ಬಿಸಿಲು. ಬೆಳಗ್ಗೆ ಸಂಜೆಯ ಓರೆ ಬಿಸಿಲಾದರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೂ ಸಿಗುತ್ತದೆ. ಆ ಓರೆ ಬಿಸಿಲೇ ಬೇಕಾದದ್ದು. ಗೋಡೆಯನ್ನು ಸವರಿಕೊಂಡು ಹೋಗುವಾಗ ಒಂದೊಂದು ಗೀರನ್ನೂ ಎತ್ತಿ ತೋರಿಸುತ್ತದೆ. ಕಲಬುರಗಿಯವರಿಗೆ ನೆತ್ತಿ ದಾಟುವ ದಿನ ಮೇ 10ರ ಹೊತ್ತಿಗೆ, ಆಗಸ್ಟ್ ಶುರುವಿಗೆ ವಾಪಸ್ಸು. ಉತ್ತರಕ್ಕೆ ಹೋದಷ್ಟೂ ಅವಧಿ ಕಿರಿದು.

ಮೋಡದ ದಿನ ಮನೆಯಲ್ಲಿ ಕೂರಬೇಡಿ. ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ಎಂಬ ಜರ್ಮನಿಯ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಟ್ಯಾಂಕು, ಕಾರ್ಖಾನೆಯ ಗೋಪುರ, ಕೂಲಿಕಾರರ ಮರದ ಚೌಕಟ್ಟಿನ ಮನೆಗಳನ್ನು ತೆಗೆದರು. ಮೋಡ ಕವಿದ ಆಕಾಶವನ್ನೇ ಕಾಯುತ್ತಿದ್ದರು. ನೆರಳಿಲ್ಲದಿದ್ದರೆ ಕಟ್ಟಡ ತನ್ನ ಪಾಡಿಗೆ ತಾನು ಕಾಣುತ್ತದೆ. ನಮ್ಮ ಜುಲೈ ತಿಂಗಳ ಬೆಂಗಳೂರು ಅವರಿಗೆ ಹೇಳಿ ಮಾಡಿಸಿದ ಊರಾಗುತ್ತಿತ್ತು. ಮಳೆ ಬಿದ್ದು ನಿಂತ ಅರ್ಧ ಗಂಟೆಯೊಳಗೆ ಹೋದರೆ ಹಂಚು, ಕಲ್ಲು, ಕಾವಿ ಬಳಿದ ಜಗಲಿ ಮೂರಕ್ಕೂ ಬಣ್ಣ ಕೂಡಿರುತ್ತದೆ.

ಇನ್ನೊಂದು ಸಂಗತಿ ಮರ. ಎಲೆ ಉದುರುವ ಮರಗಳ ಹಿಂದಿನ ಮನೆ ಕಾಣುವುದು ಚಳಿಗಾಲದ ಕೊನೆಯ ಕೆಲವೇ ವಾರ. ಮನೆಗಿಂತ ಮರ ಮುಖ್ಯ ಅನ್ನಿಸಿದರೆ ಮರವನ್ನೇ ತೆಗೆಯಿರಿ, ತಪ್ಪೇನಿಲ್ಲ.

ಎಲ್ಲಿ ನಿಲ್ಲುವುದು

ಬಹುಪಾಲು ಕಟ್ಟಡದ ಫೋಟೋ ಕೆಡುವುದು ಒಂದೇ ಕಾರಣಕ್ಕೆ. ಹತ್ತಿರ ನಿಂತು, ಮನೆ ಪೂರ್ತಿ ಹಿಡಿಸಲೆಂದು ಮೊಬೈಲನ್ನು ಮೇಲಕ್ಕೆ ವಾಲಿಸುತ್ತೇವೆ. ಕ್ಯಾಮೆರಾ ವಾಲಿದೊಡನೆ ಗೋಡೆಗಳೂ ವಾಲುತ್ತವೆ. ಮನೆ ಗಾಡಿಯ ಸೀಟಿನಲ್ಲಿ ತೂಕಡಿಸುವವನ ಹಾಗೆ ಹಿಂದಕ್ಕೆ ಒರಗುತ್ತದೆ. ಮದ್ದು ಸರಳ: ಮೊಬೈಲ್ ಗೋಡೆಗೆ ಸಮಾನಾಂತರವಾಗಿ ನೆಟ್ಟಗಿರಲಿ. ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆ ಹಾಕಿಕೊಂಡು ಗೋಡೆಯ ಅಂಚನ್ನು ಗೆರೆಗೆ ಕೂಡಿಸಿ.

ಹಿಡಿಸುತ್ತದೆಯೇ ಅನ್ನುತ್ತೀರಾ? ಲೆಕ್ಕ ನೋಡಿ. ಸಾಮಾನ್ಯವಾಗಿ ಮೊಬೈಲಿನ ಮುಖ್ಯ ಲೆನ್ಸು 26 ಮಿಲಿಮೀಟರಿನ ಆಸುಪಾಸಿನದು. 30 ಅಡಿ ದೂರದಲ್ಲಿ ಮೊಬೈಲನ್ನು ಉದ್ದುದ್ದ, ನೆಟ್ಟಗೆ, ಕಣ್ಣಿನ ಮಟ್ಟದಲ್ಲಿ ಹಿಡಿದರೆ ಅಗಲಕ್ಕೆ ಸುಮಾರು 30 ಅಡಿ, ಎತ್ತರಕ್ಕೆ ನೆಲದಿಂದ ಸುಮಾರು 25 ಅಡಿ ಸಿಗುತ್ತದೆ. ಅಂದರೆ 30–40ರ ಸೈಟಿನ ಮುಂಭಾಗ ಪೂರ್ತಿ, ಎರಡು ಮಹಡಿ ಪೂರ್ತಿ. ಎದುರು ಕಾಂಪೌಂಡಿಗೆ ಬೆನ್ನು ಕೊಟ್ಟರೆ ಸಾಕು. ಕೆಳಗೆ ಬೇಡದ ರಸ್ತೆ ಬಹಳ ಬರುತ್ತದೆ, ಬರಲಿ, ಆಮೇಲೆ ಕತ್ತರಿಸಿ. ಕಟ್ಟಡದ ಫೋಟೋಗ್ರಾಫರುಗಳು ಲಕ್ಷಾಂತರ ರೂಪಾಯಿಯ ಶಿಫ್ಟ್ ಲೆನ್ಸಿನಿಂದ ಮಾಡುವುದನ್ನೇ ಬಡವರ ದಾರಿಯಲ್ಲಿ ಮಾಡಿದಂತೆ.

ಮೂರು ಮಹಡಿಯಾದರೆ ಎದುರು ಮನೆಯ ಮೊದಲ ಮಹಡಿಯೇ ಜಾಗ. ಕಟ್ಟಡದ ಅರ್ಧ ಎತ್ತರಕ್ಕೆ ನಿಮ್ಮ ಕಣ್ಣಿದ್ದರೆ ಅದಕ್ಕಿಂತ ಒಳ್ಳೆಯ ಕೋನವಿಲ್ಲ. ತಾರಸಿಗೆ ಬಿಡಿ ಎಂದು ಕೇಳಿದರೆ ಬೆಂಗಳೂರಿನಲ್ಲೂ ಬಿಡುತ್ತಾರೆ, ಕೇಳಬೇಕಷ್ಟೆ. ಒಂದು ಸಲ ಕಾಫಿಯೂ ಸಿಕ್ಕಿತು, ಜೊತೆಗೆ ಕೆಳಗಿನ ಮನೆಯವರ ಮೇಲೆ ಮುಕ್ಕಾಲು ಗಂಟೆ ದೂರೂ ಸಿಕ್ಕಿತು.

0.5 ಎಂದಿರುವ ಅಗಲ ಲೆನ್ಸನ್ನು ಮುಟ್ಟಬೇಡಿ. ಅದು ಎಲ್ಲವನ್ನೂ ಹಿಡಿಸುತ್ತದೆ, ಹಿಡಿಸಿ ಎಲ್ಲವನ್ನೂ ಎಳೆಯುತ್ತದೆ. ಅಂಚಿನ ಕಂಬಗಳು ರಬ್ಬರಾಗುತ್ತವೆ. ವಠಾರದಂಥ ಇಕ್ಕಟ್ಟಿನಲ್ಲಿ ಮಾತ್ರ ಕ್ಷಮೆ ಇದೆ. ಬದಲಿಗೆ 2 ಎಂದಿರುವುದನ್ನು ಒತ್ತಿ ಬಾಗಿಲು, ಗ್ರಿಲ್ಲು, ಹೆಸರಿನ ಕಲ್ಲು, ಮೆಟ್ಟಿಲಿನ ಸವೆತ ಇವುಗಳನ್ನು ಬೇರೆಯಾಗಿ ತೆಗೆಯಿರಿ. ಒಂದು ಮನೆಗೆ ಕಡೇಪಕ್ಷ ಮೂರು ಚಿತ್ರ: ನೇರ ಮುಂಭಾಗ, ಅಕ್ಕಪಕ್ಕದ ಮನೆಗಳೂ ಕಾಣುವಂತೆ ಓರೆಯಿಂದ ಒಂದು, ಹತ್ತಿರದ್ದೊಂದು. ಓರೆಯದ್ದನ್ನು ಜನ ಬಿಡುತ್ತಾರೆ. ನಲವತ್ತು ಮಹಡಿಯ ಅಪಾರ್ಟ್‌ಮೆಂಟಿನ ಬುಡದಲ್ಲಿ ಹಂಚಿನ ಮನೆ ಹೇಗೆ ಕೂತಿದೆ ಎಂಬುದು ಅದರಲ್ಲೇ ಗೊತ್ತಾಗುವುದು.

ಪರದೆಯ ಮೇಲೆ ಆಕಾಶದ ಹತ್ತಿರ ಬೆರಳಿಟ್ಟು ಬೆಳಕನ್ನು ತುಸು ಇಳಿಸಿ; ಕತ್ತಲಾದ ಗೋಡೆಯನ್ನು ಆಮೇಲೆ ಎತ್ತಬಹುದು, ಸುಟ್ಟ ಆಕಾಶವನ್ನು ತರಲಾಗದು. ಹೊರಡುವ ಮುಂಚೆ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿ. ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ವೈರುಗಳ ಬಗ್ಗೆ ನನ್ನದು ಹಟದ ಅಭಿಪ್ರಾಯ. ಕೇಬಲ್ ಟಿವಿಯ ತಂತಿ, ಕಂಬಕ್ಕೆ ಕಟ್ಟಿದ ಟ್ಯೂಷನ್ ಬೋರ್ಡು, ಮುಂದೆ ನಿಂತ ಸ್ಕೂಟರು, ಬೆರಳು ಸವರಿದರೆ ಇವೆಲ್ಲ ಮಾಯವಾಗುವ ಸೌಕರ್ಯ ಈಗ ಮೊಬೈಲಿನಲ್ಲೇ ಇದೆ. ದಯವಿಟ್ಟು ಸವರಬೇಡಿ. ನಿಮಗೆ ಬೇಡವೆನಿಸಿದ ಆ ಟ್ಯೂಷನ್ ಬೋರ್ಡನ್ನೇ ಮೂವತ್ತು ವರ್ಷದ ಮೇಲೆ ಜನ ಹಿಗ್ಗಿಸಿ ನೋಡುತ್ತಾರೆ. ಕಾರು ಮಾತ್ರ ಕಾಟ. ಭಾನುವಾರ ಬೆಳಗ್ಗೆ ಬೇಗ ಏಳಬೇಕು ಎಂದದ್ದು ಅದಕ್ಕೇ. ಆಗಲೂ ನಿಂತಿದ್ದರೆ ಅದೂ ಈ ಕಾಲದ ಬೀದಿಯ ಸತ್ಯ ಎಂದುಕೊಂಡು ಮುಂದೆ ಹೋಗಿ.

ಒಂದೇ ಬಗೆಯದನ್ನು ಬೆನ್ನು ಹತ್ತಿ

ಒಂದು ಗೇಟಿನ ಫೋಟೋ ಒಂದು ಗೇಟಿನ ಫೋಟೋ, ಅಷ್ಟೆ. ಒಂದೇ ದೂರದಿಂದ, ಒಂದೇ ಎತ್ತರದಿಂದ ತೆಗೆದ ಮೂವತ್ತು ಗೇಟುಗಳನ್ನು ಒಟ್ಟಿಗೆ ಇಟ್ಟರೆ ಮಾತೇ ಬೇರೆ. ನನ್ನ ಬೀದಿಯ ಗ್ರಿಲ್ಲುಗಳನ್ನು ಹೀಗೆ ಜೋಡಿಸಿದಾಗ ಹನ್ನೊಂದು ಮನೆಗಳಲ್ಲಿ ಅದೇ ಸೂರ್ಯ, ಅದೇ ಅಳತೆ, ಅದೇ ಬೆಸುಗೆ ಕಂಡಿತು. ಒಬ್ಬನೇ ಕಮ್ಮಾರನ ಕೈ ಇರಬೇಕು. ಒಂದೊಂದಾಗಿ ನೋಡುತ್ತ ನಡೆದ ಎಷ್ಟೋ ವರ್ಷ ಇದು ತಲೆಗೆ ಹೊಳೆದಿರಲಿಲ್ಲ. ಬೆಖರ್ ದಂಪತಿ ಮಾಡುತ್ತಿದ್ದದ್ದೂ ಇದನ್ನೇ. ನೀರಿನ ಟ್ಯಾಂಕುಗಳನ್ನು ಚೌಕಚೌಕವಾಗಿ ಗೋಡೆಗೆ ಜೋಡಿಸಿ ತೂಗುಹಾಕುತ್ತಿದ್ದರು.

ಮನೆಯ ಹೆಸರುಗಳು ಇನ್ನೊಂದು ಸರಣಿ. ಮಾತೃಕೃಪಾ, ಗುರುಪ್ರಸಾದ, ಶ್ರೀನಿವಾಸ ನಿಲಯ ಎಂದು ಕಲ್ಲಿನಲ್ಲಿ ಕೊರೆದ ಕಾಲ, ಗಾರೆಯಲ್ಲಿ ಎಬ್ಬಿಸಿದ ಕಾಲ, ಹಿತ್ತಾಳೆಯ ಕಾಲ, ಲೇಸರ್ ಕತ್ತರಿಸಿದ ಸ್ಟೀಲಿನ ಕಾಲ. ಅಕ್ಷರದ ತಿರುವು ನೋಡಿದರೇ ದಶಕ ಹೇಳಬಹುದು. ಅಥವಾ ಇಡೀ ಬೀದಿ. ಎಡ್ ರುಶೇ ಎಂಬ ಅಮೆರಿಕದ ಕಲಾವಿದ 1966ರಲ್ಲಿ ಲಾಸ್ ಏಂಜಲೀಸಿನ ಒಂದು ರಸ್ತೆಯ ಎರಡೂ ಬದಿಯ ಪ್ರತಿಯೊಂದು ಕಟ್ಟಡವನ್ನೂ ತೆಗೆದು, ಬಿಚ್ಚಿದರೆ 25 ಅಡಿಯಷ್ಟು ಉದ್ದವಾಗುವ ಮಡಿಕೆ ಪುಸ್ತಕ ಮಾಡಿದ. ನಿಮ್ಮ ಅಡ್ಡರಸ್ತೆಗೆ ಒಂದು ಭಾನುವಾರ ಸಾಕು. ಮುಂದಿನ ಯುಗಾದಿಗೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಎಲ್ಲಿ ನಿಂತಿದ್ದಿರಿ ಎಂದು ಕಂಬದ ನಂಬರೋ ಗೇಟಿನ ಗುರುತೋ ಬರೆದಿಟ್ಟುಕೊಂಡಿರಬೇಕು.

ಪ್ಯಾರಿಸಿನ ಯೂಜೀನ್ ಅಜೆ (1857–1927) ಈ ದಾರಿಯ ಹಿರಿಯಣ್ಣ. ಭಾರವಾದ ಕ್ಯಾಮೆರಾ, ಗಾಜಿನ ಪ್ಲೇಟು ಹೊತ್ತು, ಜನ ಏಳುವ ಮುಂಚೆ ಹಳೆಯ ಬೀದಿ, ಅಂಗಡಿ ಮುಂಗಟ್ಟು, ಮೆಟ್ಟಿಲು, ಬಾಗಿಲ ಬಡಿಗೆಗಳನ್ನು ಸಾವಿರಗಟ್ಟಲೆ ತೆಗೆದ. ಚಿತ್ರಕಾರರಿಗೆ, ಗ್ರಂಥಾಲಯಗಳಿಗೆ ಮಾರಿ ಹೊಟ್ಟೆ ಹೊರೆದ. ತನ್ನ ಕೆಲಸವನ್ನು ಕಲೆ ಅನ್ನದೆ ದಾಖಲೆ ಅಂದ. ಚಂದ ಮಾಡಬೇಕೆಂಬ ಆಸೆ ಕೈಯನ್ನು ಎಳೆಯುವಾಗಲೆಲ್ಲ ನನಗೆ ಅವನ ನೆನಪು ಬರುತ್ತದೆ. ನಮ್ಮಲ್ಲಿ ಟಿ.ಪಿ. ಇಸ್ಸಾರ್ 1988ರಲ್ಲಿ ತಂದ ‘ದಿ ಸಿಟಿ ಬ್ಯೂಟಿಫುಲ್’ ಬೆಂಗಳೂರಿನ ಕಟ್ಟಡಗಳ ಪುಸ್ತಕ. ಅದರಲ್ಲಿರುವ ಎಷ್ಟೋ ಮನೆಗಳು ಈಗ ಅದರಲ್ಲಿ ಮಾತ್ರ ಇವೆ.

ಕೇಳಿ ತೆಗೆಯುವುದು

ಕಾನೂನು ನಿಮ್ಮ ಕಡೆಗಿದೆ, ಒಂದು ಹದದಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಟ್ಟಡದ ಫೋಟೋ ತೆಗೆಯುವುದು, ಪ್ರಕಟಿಸುವುದು ಅದರ ವಾಸ್ತುಶಿಲ್ಪಿಯ ಹಕ್ಕಿನ ಉಲ್ಲಂಘನೆಯಲ್ಲ. ಆದರೆ ಕೃತಿಸ್ವಾಮ್ಯ ಬೇರೆ, ಮನೆಯವರ ಮಾನ ಬೇರೆ. ರಸ್ತೆಯಲ್ಲಿ ನಿಂತು ಮುಂಭಾಗ ತೆಗೆಯಿರಿ. ಕಿಟಕಿಯೊಳಕ್ಕೆ ಜೂಮ್ ಮಾಡಬೇಡಿ. ಗೇಟು ತೆರೆದಿದ್ದರೂ ಒಳಗೆ ಕಾಲಿಡಲು ಕೇಳಬೇಕು. ವಠಾರದ ಅಂಗಳ ರಸ್ತೆಯಂತೆ ಕಂಡರೂ ರಸ್ತೆಯಲ್ಲ. ಅಲ್ಲಿ ಪಾತ್ರೆ ತೊಳೆಯುವುದು, ತಲೆ ಬಾಚುವುದು ಎಲ್ಲ ನಡೆಯುತ್ತಿರುತ್ತದೆ, ಅದು ಆರು ಮನೆಯ ಪಡಸಾಲೆ. ಮಕ್ಕಳು ಓಡಿ ಬಂದು ಪೋಸು ಕೊಟ್ಟರೆ ತಾಯಂದಿರ ಮುಖ ನೋಡಿ ನಿರ್ಧರಿಸಿ.

ಸೈನ್ಯದ ಜಾಗಗಳು, ನಿಷೇಧಿತ ಎಂದು ಬೋರ್ಡು ಹಾಕಿದ ಕಡೆ ಕ್ಯಾಮೆರಾ ಎತ್ತಲೇಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಬದುಕಿದೆ, ಬೆಂಗಳೂರಿನಲ್ಲಿ ಅಂಥ ಕಾಂಪೌಂಡುಗಳಿಗೂ ಬರವಿಲ್ಲ. ಡ್ರೋನು ಬೇಡ. ನಿಯಮದ ಮಾತು ಹಾಗಿರಲಿ, ತಾರಸಿಯ ಮೇಲೆ ಬಟ್ಟೆ ಒಣಹಾಕುವವರ ನೆತ್ತಿಯ ಮೇಲೆ ಗುಂಯ್‌ಗುಟ್ಟುವ ಕ್ಯಾಮೆರಾ ಬೀದಿಯ ವಿಶ್ವಾಸವನ್ನು ಒಂದೇ ದಿನದಲ್ಲಿ ಕಳೆಯುತ್ತದೆ.

ಯಾಕೆ ಅಂತ ಕೇಳಿದರೆ ಸುಳ್ಳು ಹೇಳಬೇಡಿ, ‘ಪ್ರಾಜೆಕ್ಟು’ ಅಂತಲೂ ಅನ್ನಬೇಡಿ. ಆ ಮಾತಿಗೆ ಜನ ಜೆಸಿಬಿ ಬರುತ್ತದೆ ಎಂದುಕೊಳ್ಳುತ್ತಾರೆ. ಎರಡು ಗಲ್ಲಿ ಆಚೆ ಇರೋದು, ಹಳೇ ಮನೆ ಇಷ್ಟ, ಇಷ್ಟು ಸಾಕು. ಆಮೇಲೆ ಒಂದು ಪ್ರಿಂಟು ಹಾಕಿಸಿ ಕೊಡಿ. ಸ್ಟುಡಿಯೋದಲ್ಲಿ ಅದಕ್ಕಾಗುವ ಖರ್ಚು ಒಂದು ಮಸಾಲೆ ದೋಸೆಗಿಂತ ಕಡಿಮೆ. ಅದರಿಂದ ತೆರೆಯುವ ಬಾಗಿಲುಗಳಿಗೆ ಲೆಕ್ಕವಿಲ್ಲ. ಜಾಲತಾಣಕ್ಕೆ ಹಾಕುವುದಾದರೆ ಚಿತ್ರದೊಳಗೆ ಅಡಗಿರುವ ಲೊಕೇಶನ್ ಮಾಹಿತಿ ತೆಗೆದುಹಾಕಿ, ಮನೆ ನಂಬರು ಬರೆಯಬೇಡಿ. ವೃದ್ಧರಿಬ್ಬರೇ ಇರುವ ಹಳೆಯ ಮನೆಯ ವಿಳಾಸ ಯಾರಿಗೆ ಬೇಕಾಗುತ್ತದೋ ನಮಗೆ ಗೊತ್ತಿರುವುದಿಲ್ಲ.

ಬರೆದಿಡಿ, ಎರಡು ಕಡೆ ಇಡಿ

ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೆ ಒಂದು ಸಾಲು: ತಾರೀಕು, ರಸ್ತೆ, ಮುಖ ಯಾವ ದಿಕ್ಕಿಗೆ, ಗೋಡೆ ಮತ್ತು ಮಾಡು ಯಾವುದರದ್ದು, ಮನೆಯವರು ಏನಂದರು. ಕೊನೆಯದು ಮೊದಲಿನ ನಾಲ್ಕಕ್ಕಿಂತ ಬೆಲೆಯುಳ್ಳದ್ದು. ಫೈಲಿಗೂ ಅದೇ ಕ್ರಮದಲ್ಲಿ ಹೆಸರಿಡಿ, ವರ್ಷದಿಂದ ಶುರುಮಾಡಿ. ಆಗ ಅವು ತಾವಾಗಿ ಸಾಲುಗಟ್ಟುತ್ತವೆ.

ನನ್ನ ಮೂರು ವರ್ಷದ ಕೆಲಸ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಒಂದೇ ಒಂದರಲ್ಲಿ. ಅದು ಮೇಜಿನಿಂದ ಬಿತ್ತು, ಅಷ್ಟೆ ಕಥೆ. ರಿಪೇರಿಯವನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತೆಂಗಿನಕಾಯಿ ನೋಡಿದ ಹಾಗೆ ನೋಡಿ, ವಾಪಸ್ಸು ಕೊಟ್ಟ. ಅದರಲ್ಲಿದ್ದ ಏಳು ಮನೆ ಈಗ ಇಲ್ಲ. ಉಳಿದದ್ದು ಜನರಿಗೆ ಕೊಟ್ಟಿದ್ದ ಪ್ರಿಂಟುಗಳಿಂದ. ಬಾಗಿಲು ಬಾಗಿಲಿಗೆ ಹೋಗಿ ಅವುಗಳನ್ನೇ ಮತ್ತೆ ಮೊಬೈಲಿನಲ್ಲಿ ಹಿಡಿದುಕೊಂಡೆ. ಈಗ ಎರಡು ಪ್ರತಿ, ಎರಡು ಬೇರೆ ಮನೆಗಳಲ್ಲಿ. ಮುಖ್ಯವಾದದ್ದು ಕಾಗದದ ಮೇಲೆ.

ಅಜ್ಜಿಯ ಮನೆಗೆ ಏಪ್ರಿಲ್ ಕೊನೆಯ ಭಾನುವಾರ ಬೆಳಗ್ಗೆ ಏಳಕ್ಕೆ ಮತ್ತೆ ಹೋದೆ. ಓರೆ ಬಿಸಿಲು ಗೋಡೆಯನ್ನು ಸವರುತ್ತಿತ್ತು, ಮೂರು ಗೆರೆಯೂ ಎದ್ದು ಕಂಡವು, ಸೂರ್ಯನ ಗ್ರಿಲ್ಲಿನ ನೆರಳು ಗೋಡೆಯ ಮೇಲೆ ಇನ್ನೊಂದು ಗ್ರಿಲ್ಲಾಗಿತ್ತು. ಎದುರು ಕಾಂಪೌಂಡಿಗೆ ಬೆನ್ನು ಕೊಟ್ಟು, ನೆಟ್ಟಗೆ, ನಾಲ್ಕು ಚಿತ್ರ. ವಾರ ಬಿಟ್ಟು ಪ್ರಿಂಟು ಹಿಡಿದುಕೊಂಡು ಹೋದಾಗ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನಾನು ಗೆರೆಗಳನ್ನು ತೋರಿಸಲು ಬೆರಳು ಚಾಚುವಷ್ಟರಲ್ಲಿ ಅವರ ಬೆರಳು ಪೋರ್ಟಿಕೋದ ಮೇಲಿನ ಕಿಟಕಿಯ ಮೇಲಿತ್ತು.

"ಇದು ತೆಗೆದಿದೆ ನೋಡಿ. ಹಪ್ಪಳ ಹಾಕಿದ ದಿನ."

ಪೋರ್ಟಿಕೋದ ತಾರಸಿಗೆ ಚಳಿಗಾಲವೆಲ್ಲ ಮನೆಯದೇ ನೆರಳು. ಯುಗಾದಿ ಕಳೆದು ಬಿಸಿಲು ಆ ಕಡೆ ಹೊರಳಿದ ಮೇಲೆ ಅವರ ಅತ್ತೆಯ ಕಾಲದಿಂದ ಹಪ್ಪಳಕ್ಕೆ ಅದೇ ಜಾಗ. ಮಾವಿನ ಮಳೆಗೆ ಮುಂಚೆ ಮೂರು ನಾಲ್ಕು ದಿನ ಸಿಕ್ಕರೆ ಆಯಿತು. ಕಾಗೆ ಓಡಿಸಲು ಕೋಲು ಹಿಡಿದು ಕೂರುವುದು ಆ ಕಿಟಕಿಯಲ್ಲಿ. ಮಿಕ್ಕ ದಿನ ಅದನ್ನು ತೆಗೆಯುವುದೇ ಇಲ್ಲ, ಕೀಲು ಬಿಗಿ.

ನೋಟ್‌ಬುಕ್ಕಿನಲ್ಲಿ ಆ ಮನೆಯ ಸಾಲಿಗೆ ‘ಉತ್ತರಮುಖ, ಬೆಳಗ್ಗೆ 7’ ಎಂದು ಬರೆದಿದ್ದೆ. ಪಕ್ಕದಲ್ಲಿ ಸೇರಿಸಿದೆ: ಹಪ್ಪಳದ ದಿನ.